ಮಂಡಿ ಬದಲಾಯಿಸಿಕೊಂಡ ಟೈಲರು

ಎರಡೂ ಮಂಡಿ ಬದಲಾಯಿಸಿಕೊಂಡು ಬಂದ ಮೇಲೆ ನಮ್ಮ ಬೀದಿಯ ಟೈಲರು ಕೂತದ್ದನ್ನು ಕಂಡವರಿಲ್ಲ. ಮೆಷಿನ್ನನ್ನು ಅಳಿಯನಿಗೆ ಬಿಟ್ಟು ಅಂಗಡಿಯ ಬಾಗಿಲಲ್ಲೇ ನಿಂತಿರುತ್ತಾರೆ, ದಾರಿಹೋಕರು ನೋಡದೆ ಹೋದರೆ ಕೆಮ್ಮುತ್ತಾರೆ. "ಮೊದಲು ನನ್ನ ಕಾಲ ನಡುವೆ ನಾಯಿ ನುಗ್ಗಿ ಹೋಗೋದು, ಈಗ ಪೇಪರ್ ಇಟ್ರೂ ಬೀಳಲ್ಲ" ಎಂದು ಮಂಡಿ ಜೋಡಿಸಿ ತೋರಿಸುತ್ತಾರೆ. ಎಕ್ಸ್‌ರೇಯನ್ನು ಬಲ್ಬಿನ ಮುಂದೆಯೇ ತೂಗುಹಾಕಿದ್ದಾರೆ. "ಎರಡು ಬೆರಳು ಎತ್ತರ ಆಗಿದೀನಿ ಕಣ್ರೀ" ಎಂದರೆ ಒಳಗಿನಿಂದ ಹೆಂಡತಿ, "ಕಾಲು ನೆಟ್ಟಗಾಯ್ತು, ನೆಲದ ಮೇಲೆ ನಿಲ್ತಿಲ್ಲ ಅಷ್ಟೆ" ಎನ್ನುತ್ತಾರೆ. ಆದರೆ ಡೊಂಕುಗಾಲಿನ ಗಿರಾಕಿ ಯಾರಾದರೂ ಅಂಗಡಿಗೆ ಬಂದರೆ ಈ ಬಡಾಯಿಯೆಲ್ಲ ಗಪ್‌ಚಿಪ್. ಎಕ್ಸ್‌ರೇ ಮೆಲ್ಲಗೆ ಟೇಬಲ್ಲಿನ ಕೆಳಗೆ ಸೇರುತ್ತದೆ, ಟೈಲರ ಹಳೆಯ ಪ್ಯಾಂಟಿನ ರಟ್ಟಿನ ಅಚ್ಚು ಹೊರಗೆ ಬರುತ್ತದೆ. ಬಾಗು ಕಾಣದಂತೆ ಒಳಹೊಲಿಗೆ ಸರಿಸಿ ಕತ್ತರಿಸುವ ಆ ವಿದ್ಯೆಯನ್ನು ಅವರು ಕಲಿತದ್ದು ತಮ್ಮ ಕಾಲಿಗಾಗಿಯೇ. ಮೊನ್ನೆ ಅಂಥ ಒಬ್ಬರು ಹೊಸ ಪ್ಯಾಂಟು ತೊಟ್ಟು ಕನ್ನಡಿಯ ಮುಂದೆ ಬಹಳ ಹೊತ್ತು ನಿಂತು, "ಕಾಲು ನೆಟ್ಟಗೆ ಕಾಣ್ತಿದೆಯಲ್ರೀ" ಎಂದರು. ಟೈಲರು ಕತ್ತರಿ ಒರೆಸುತ್ತ, "ಈ ಆಪರೇಷನ್ನು ನಾನು ಡಾಕ್ಟರಿಗಿಂತ ಮುಂಚಿಂದ ಮಾಡ್ತಿದೀನಿ" ಎಂದರು.