ನಗುತ್ತಾ ಇಳಿಯುವವರು

ನಮ್ಮ ಭಾವನಿಗೆ ದೇವರು ಕೈಕಾಲುಗಳನ್ನು ಎಲ್ಲರಿಗೂ ಕೊಟ್ಟಷ್ಟೇ ಕೊಟ್ಟು, ನಾಲಿಗೆಯನ್ನು ಮಾತ್ರ ಧಾರಾಳವಾಗಿ ದಯಪಾಲಿಸಿದ್ದಾನೆ. ಇಂಥವರನ್ನು ತಂದು ಒಂದು ಹಳೆಯ ಕಟ್ಟಡದ ಲಿಫ್ಟಿನೊಳಗೆ ಸ್ಟೂಲು ಹಾಕಿ ಕೂರಿಸಿದ್ದು ಯಾರ ಬುದ್ಧಿಯೋ ಕಾಣೆ. ಜಾಲರಿ ಬಾಗಿಲು ಎಳೆದು, ಹಿಡಿ ತಿರುಗಿಸಿ, ಮಾತಿಗೆ ಶುರುವಿಟ್ಟುಕೊಳ್ಳುವಷ್ಟರಲ್ಲಿ ಮಹಡಿ ಬಂದುಬಿಡುತ್ತಿತ್ತು. ಕೇಳುವವರು ಇಳಿದು ಹೋಗುತ್ತಿದ್ದರು. ಇಪ್ಪತ್ತು ಚಿಲ್ಲರೆ ವರ್ಷ ಭಾವ ಬರೀ ಅರ್ಧ ಮಾತುಗಳನ್ನೇ ಆಡಿದ್ದಾರೆ. ಉಳಿದರ್ಧವನ್ನು ಸಂಜೆ ನಮ್ಮಕ್ಕ ಕೇಳಬೇಕಿತ್ತು. ಅವಳು ಹೊಲಿಗೆ ಯಂತ್ರವನ್ನು ಜೋರಾಗಿ ತುಳಿದು ಪಾರಾಗುತ್ತಿದ್ದಳು.

ಹೀಗಿರುವಾಗ ಗುಂಡಿ ಒತ್ತಿದರೆ ತಾನೇ ಹೋಗುವ ಹೊಸ ಲಿಫ್ಟು ಬರುತ್ತದೆ, ತಿಂಗಳ ಕೊನೆಗೆ ಸ್ಟೂಲು ಖಾಲಿ ಮಾಡಿ ಎಂದರು ಕಟ್ಟಡದ ಮಾಲೀಕರು. ಹೊಟ್ಟೆಪಾಡಿಗೆ ತೊಂದರೆಯಿರಲಿಲ್ಲ. ಅಕ್ಕನ ಹೊಲಿಗೆ ಇತ್ತು, ಮಗಳು ಕೆಲಸಕ್ಕೆ ಸೇರಿದ್ದಳು. ಭಾವನ ಹೆದರಿಕೆಯೇ ಬೇರೆ.

"ಮನೇಲಿ ಕೂತ್ರೆ ಯಾರ ಹತ್ರ ಮಾತಾಡ್ಲಯ್ಯಾ?" ಎಂದು ನನ್ನನ್ನು ಕೇಳಿದರು. "ನಿಮ್ಮಕ್ಕ ಮಿಷನ್ ಬಿಟ್ಟು ಏಳಲ್ಲ. ಗೋಡೆ ಹತ್ರ ಮಾತಾಡಿದ್ರೆ ಹುಚ್ಚು ಅಂತಾರೆ."

ನನಗೆ ಪಾಪ ಅನ್ನಿಸಿತು. ನಾನೊಂದು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವನು. ಅಕ್ಷರ ಕಾಣುತ್ತದೋ ಇಲ್ಲವೋ ಎಂದು ಕೇಳುವುದು ಬಿಟ್ಟರೆ ನನಗೆ ದಿನವಿಡೀ ಬೇರೆ ಮಾತಿಲ್ಲ, ಅದರಲ್ಲೇ ಸುಖವಾಗಿದ್ದೇನೆ. ಭಾವನಿಗೆ ಹಾಗಲ್ಲ. ಮಾತು ನಿಂತರೆ ಉಸಿರೇ ನಿಂತೀತು ಎಂದು ನಿಜವಾಗಿಯೂ ಭಯಪಟ್ಟೆ.

ಆದರೆ ದೇವರು ಒಂದು ಬಾಗಿಲು ಮುಚ್ಚಿ ಮೂರು ಬಾಗಿಲು ತೆರೆದ. ಆ ಕಟ್ಟಡದಲ್ಲೇ, ಸೇರಿದವರಿಂದ ಇನ್ನಿಬ್ಬರನ್ನು ಸೇರಿಸಿ ಸರಕು ಮಾರಿಸುವ ಮೂರು ನೆಟ್‌ವರ್ಕ್ ಮಾರ್ಕೆಟಿಂಗ್ ಕಂಪನಿಗಳಿದ್ದವು. ಎರಡನೇ ಮಹಡಿಯದು ಹಾಸಿಗೆಯಡಿ ಹಾಸುವ ಅಯಸ್ಕಾಂತದ ಚಾಪೆ ಮಾರುತ್ತಿತ್ತು, ನಾಲ್ಕನೆಯದು ಸೋಪು-ಟೂತ್‌ಪೇಸ್ಟು, ಆರನೆಯದು ನೀರಿಗೆ ಕಲಸಿ ಕುಡಿಯುವ ಶಕ್ತಿಯ ಪುಡಿ. ಲಿಫ್ಟಿನವರ ಕೆಲಸ ಹೋಗುತ್ತದೆಂಬ ಸುದ್ದಿ ಹಬ್ಬಿದ್ದೇ ತಡ, ಮೂರೂ ಮಹಡಿಯ ಟೈಗಳು ಅವರ ಸ್ಟೂಲಿನ ಸುತ್ತ ಓಲಾಡತೊಡಗಿದವು. ಊರಿನ ಅರ್ಧ ಜನ ಮುಖಪರಿಚಯ ಇರುವ ಮನುಷ್ಯ, ಅದೂ ಇಂಥ ಬಾಯಿ, ಯಾರು ಬಿಟ್ಟಾರು?

ಹುಟ್ಟಿದಾಗಿನಿಂದ ಯಾರೂ ಭಾವನನ್ನು ಹೀಗೆ ಓಲೈಸಿರಲಿಲ್ಲ. ಅವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಮಾತು ಬೆಳ್ಳಿ, ಮೌನ ಬಂಗಾರ ಅಂತ ನಮ್ಮಪ್ಪ ಹೊಡೀತಿದ್ರು," ಎಂದರು ಊಟಕ್ಕೆ ಕೂತಾಗ. "ಇಲ್ಲಿ ನೋಡು. ಮಾತಾಡಿದ್ರೆ ಬೆಳ್ಳಿ, ಇನ್ನೂ ಮಾತಾಡಿದ್ರೆ ಬಂಗಾರ, ನಿಲ್ಲಿಸ್ದೇ ಇದ್ರೆ ವಜ್ರ. ಅದು ಮೆಂಬರುಗಳ ದರ್ಜೆ. ನಮ್ಮಪ್ಪನಿಗೆ ಗೊತ್ತೇ ಇರ್ಲಿಲ್ಲ."

"ಯಾವ್ದಾದ್ರೂ ಸೇರಿ," ಎಂದಳು ಅಕ್ಕ. "ವಜ್ರ ಆಗೋವರೆಗೂ ಅಲ್ಲೇ ಮಾತಾಡಿ, ಮನೇಲಿ ಬೇಡ."

ಯಾವುದಕ್ಕೆ ಸೇರುವುದು? ಬೇರೆಯವರಾಗಿದ್ದರೆ ಸರಕು ನೋಡುತ್ತಿದ್ದರು, ಸೇರಿದವರನ್ನು ವಿಚಾರಿಸುತ್ತಿದ್ದರು. ಊರಿಗೆಲ್ಲ ಒಂದು ದಾರಿಯಾದರೆ ನಮ್ಮ ಭಾವನಿಗೇ ಒಂದು ದಾರಿ. ಅವರು ಮುಖ ನೋಡಿದರು. ಹತ್ತುವಾಗಿನ ಮುಖ, ಇಳಿಯುವಾಗಿನ ಮುಖ. ಎರಡನೇ ಮಹಡಿಯಿಂದ ಬರುವವರು ಮೊಬೈಲು ನೋಡುತ್ತಾ ಮೂಕರಾಗಿ ಇಳಿಯುತ್ತಿದ್ದರಂತೆ. ನಾಲ್ಕನೆಯದರಿಂದ ಗಂಡ ಹೆಂಡತಿ ಜಗಳವಾಡಿಕೊಂಡು ಇಳಿಯುತ್ತಿದ್ದರಂತೆ. ಆರನೇ ಮಹಡಿಗೆ ಗಂಟು ಮೋರೆ ಹಾಕಿಕೊಂಡು ಹತ್ತಿದವರು ಮಾತ್ರ ಇಳಿಯುವಾಗ ಬಿದ್ದು ಬಿದ್ದು ನಗುತ್ತಿದ್ದರಂತೆ. ಒಬ್ಬರ ಬೆನ್ನು ಒಬ್ಬರು ತಟ್ಟಿ, ಅಂಗಿಯ ಮೇಲ್ಗುಂಡಿ ಬಿಚ್ಚಿ, ಕಾಫಿ ಕುಡಿಯೋಣ ಬಾ ಎಂದು ಕರೆಯುತ್ತಿದ್ದರಂತೆ.

"ಅಷ್ಟು ಖುಷಿ ಕೊಡೋ ಕಂಪನಿ ಇನ್ನೊಂದಿಲ್ಲ," ಎಂದರು ಭಾವ. "ಶಕ್ತಿ ಪುಡಿಗೇ ಸೈ. ನನ್ನ ಕೆಳಗೆ ಮೊದಲನೆಯವನು ನೀನು."

ನಾನು ಬೇಡವೆಂದೆ. ಅಕ್ಕ ಮಿಷನ್ ನಿಲ್ಲಿಸಿ ನನ್ನತ್ತ ನೋಡಿದಳು. ನಾನು ಆಗಲಿ ಎಂದೆ.

ಹಳೆಯ ಲಿಫ್ಟಿನ ಕೊನೆಯ ದಿನವೇ ಹೋದೆವು. ಭಾವ ಸ್ಟೂಲಿನ ಮೇಲೆ ವಾಚ್‌ಮನ್‌ನನ್ನು ಕೂರಿಸಿ, ಜೀವನದಲ್ಲಿ ಮೊದಲ ಸಲ ಪ್ಯಾಸೆಂಜರಾಗಿ ಹತ್ತಿ ನಿಂತರು. ಮೇಲೆ ಸಭಾಂಗಣದಲ್ಲಿ ಚಪ್ಪಾಳೆಯೋ ಚಪ್ಪಾಳೆ. ಕುರ್ಚಿಯ ಮೇಲೆ ಹತ್ತಿ "ನಾನು ಗೆದ್ದೆ" ಎಂದು ಕೂಗಬೇಕು, ಪಕ್ಕದವರನ್ನು ತಬ್ಬಿಕೊಳ್ಳಬೇಕು. ನನ್ನನ್ನು ಒಬ್ಬ ದಪ್ಪ ಕಂಟ್ರಾಕ್ಟರು ತಬ್ಬಿಕೊಂಡು ನನ್ನ ಕನ್ನಡಕ ಸೊಟ್ಟ ಮಾಡಿದ. ಭಾವ ಕೂಗಿದ ಕೂಗಿಗೆ ಮೈಕಿನವನೇ ಬೆಚ್ಚಿಬಿದ್ದ. ಇಬ್ಬರೂ ಹಣ ಕಟ್ಟಿ ಸೇರಿದೆವು; ಇಬ್ಬರ ಕೈಗೂ ತಲಾ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಬಂತು. ಪುಡಿಗೆ ಶಕ್ತಿ ಎಷ್ಟಿತ್ತೋ ತಿಳಿಯದು, ಭಾರವಂತೂ ಇತ್ತು.

ಲಿಫ್ಟಿನ ಬಾಗಿಲಿಗೆ ಬಂದಾಗ ಭಾವ ಗಕ್ಕನೆ ನಿಂತರು. ಒಳಗೆ ತಗಡಿನ ಬೋರ್ಡು: ಪೆಟ್ಟಿಗೆಗಳಿಗೆ ಪ್ರವೇಶವಿಲ್ಲ, ಹಿಂದಿನ ಮೆಟ್ಟಿಲು ಬಳಸಿ. ಅದನ್ನು ಬರೆಸಿದವರು ಭಾವನೇ.

"ಪರವಾಗಿಲ್ಲ ಬನ್ನಿ ಅಣ್ಣಾ, ಇವತ್ತೇ ಕೊನೆ," ಎಂದ ವಾಚ್‌ಮನ್.

"ಕೊನೆ ದಿನ ಅಂತ ರೂಲ್ಸು ಸಾಯುತ್ತಾ?" ಎಂದು ಭಾವ ಪೆಟ್ಟಿಗೆಯನ್ನು ಹೆಗಲಿಗೇರಿಸಿದರು. ಮನಸ್ಸಿನಲ್ಲೇ ಬೈದುಕೊಂಡು ನಾನೂ ಏರಿಸಿದೆ.

ಹಿಂದಿನ ಮೆಟ್ಟಿಲಿಗೆ ಭಾವ ಇಷ್ಟು ವರ್ಷದಲ್ಲಿ ಕಾಲಿಟ್ಟವರಲ್ಲ. ಲಿಫ್ಟಿನವರಿಗೆ ಮೆಟ್ಟಿಲೆಂದರೆ ಸವತಿ. ಒಂದು ತಿರುವು ಇಳಿಯುತ್ತಲೇ ಜನ ಕಂಡರು. ಮೆಟ್ಟಿಲ ಉದ್ದಕ್ಕೂ, ಗೋಡೆಗೊರಗಿ, ಪೆಟ್ಟಿಗೆಯ ಮೇಲೆ ಕೂತು, ಏದುಸಿರು ಬಿಡುತ್ತಾ. ಒಂದು ಮುಖದಲ್ಲೂ ನಗುವಿರಲಿಲ್ಲ. ನನ್ನನ್ನು ತಬ್ಬಿದ ಕಂಟ್ರಾಕ್ಟರು ಕರ್ಚೀಫಿನಲ್ಲಿ ಕುತ್ತಿಗೆ ಒರೆಸಿಕೊಳ್ಳುತ್ತಿದ್ದ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು ಭಾವನನ್ನು ನೋಡಿ ಕೆರಳಿದಳು.

"ನೀವೇ ಅಲ್ವಾ ಪೆಟ್ಟಿಗೆ ಲಿಫ್ಟಿಗೆ ಬಿಡದವರು? ತಿಂಗಳು ತಿಂಗಳು ಇದೇ ಕತೆ. ಮಂಚದ ಕೆಳಗೆ ಜಾಗ ಇಲ್ಲ. ತಂಗಿ ನನ್ನ ಫೋನೇ ಎತ್ತಲ್ಲ ಈಗ, ಪುಡಿ ತಗೋ ಅಂತೀನಿ ಅಂತ."

"ಸೇರಿದವರೆಲ್ಲ ಹೀಗೇ ಇಳೀತಾರಾ?" ಎಂದು ಭಾವ ಕೇಳಿದರು.

"ಮತ್ತೆ? ಸೇರಿದ ಕೂಡ್ಲೇ ಪೆಟ್ಟಿಗೆ ಕೊಡ್ತಾರಲ್ಲ."

"ಹಾಗಾದ್ರೆ ನನ್ನ ಲಿಫ್ಟಲ್ಲಿ ನಗ್ತಾ ಇಳೀತಿದ್ರಲ್ಲ, ಅವರು?"

"ತಪ್ಪಿಸ್ಕೊಂಡವರು."

ತನ್ನ ಬೆನ್ನು ತನಗೆ ಕಾಣದು ಅನ್ನುತ್ತಾರೆ. ಭಾವನಿಗೆ ತನ್ನ ಕಟ್ಟಡದ ಬೆನ್ನೇ ಕಂಡಿರಲಿಲ್ಲ. ಅವರ ಮುಖ ಇಳಿದುಹೋಯಿತು. ನಾಳೆಯಿಂದ ಲಿಫ್ಟೂ ಇಲ್ಲ, ಈಗ ಕಂಪನಿಯೂ ಇಲ್ಲ ಎಂಬುದು ಅವರಿಗೆ ತಟ್ಟಿದ್ದು ನನಗೂ ತಟ್ಟಿತು. ಅಳುತ್ತಾರೇನೋ ಅಂದುಕೊಂಡೆ. ಬದಲಿಗೆ ಪೆಟ್ಟಿಗೆ ಕೆಳಗಿಟ್ಟು, ಅದರ ಮೇಲೆ ಕೂತು, ಬಾಯಿ ತೆರೆದರು.

ಆ ಮಾತನ್ನು ಏನೆಂದು ವರ್ಣಿಸಲಿ? ತಾನು ಮುಖ ನೋಡಿ ಕಂಪನಿ ಆರಿಸಿದ್ದನ್ನು ನಗುವಿನ ಲೆಕ್ಕದ ಸಮೇತ ಹೇಳಿದರು. ನಡುವೆ ಮಹಡಿ ಬರಲಿಲ್ಲ, ಯಾರೂ ಇಳಿದು ಹೋಗಲಿಲ್ಲ. ಕಂಟ್ರಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕ. ಔಷಧಿ ಅಂಗಡಿಯವಳು ಕಣ್ಣೊರೆಸಿಕೊಂಡು ನಕ್ಕಳು. ಕೊನೆಗೆ ಭಾವ, "ಪೆಟ್ಟಿಗೆ ಒಡೆದಿಲ್ಲ ತಾನೇ? ವಾಪಸ್ ಕೊಡೋಣ ಬನ್ನಿ. ಕೆಳಗಿನವರಿಗೂ ಹೇಳಿ," ಎಂದರು. ಒಬ್ಬರು ಇಬ್ಬರಿಗೆ ಹೇಳಿದರು, ಇಬ್ಬರು ನಾಲ್ವರಿಗೆ. ಕಂಪನಿ ಕಲಿಸಿದ ವಿದ್ಯೆ ಆ ಕಟ್ಟಡದಲ್ಲಿ ಮೊದಲ ಬಾರಿಗೆ ಕೆಲಸಕ್ಕೆ ಬಂತು.

ಕೆಳಗಿಳಿದು ಭಾವ ವಾಚ್‌ಮನ್‌ನನ್ನು ಸ್ಟೂಲಿನಿಂದ ಎಬ್ಬಿಸಿದರು. ತಗಡಿನ ಬೋರ್ಡನ್ನು ತಿರುವಿ ಹಾಕಿ, ಪೆಟ್ಟಿಗೆಗಳನ್ನೆಲ್ಲ ತಾವೇ ಲಿಫ್ಟಿಗೆ ಪೇರಿಸಿದರು. ಆರನೇ ಮಹಡಿಯಲ್ಲಿ ಮುಂದಿನ ಸಭೆಗೆ ಹೊಸಬರು ಬಂದು ಕೂತಿದ್ದರು. ನಮ್ಮ ದಂಡು ಕಂಡು ಟೈ ಕಟ್ಟಿದ ಮ್ಯಾನೇಜರ ಮುಖ ಸುಣ್ಣವಾಯಿತು.

"ಮೆಲ್ಲಗೆ ಮಾತಾಡಿ ಸರ್, ದಯವಿಟ್ಟು. ಹೊಸಬರಿಗೆ ಕೇಳಿಸುತ್ತೆ."

"ಮೆಲ್ಲಗೆ ಮಾತಾಡೋದು ನನಗೆ ಬರಲ್ಲ ಸ್ವಾಮಿ," ಎಂದರು ಭಾವ, ಸಭಾಂಗಣದ ಕೊನೆಯ ಸಾಲಿನವರೆಗೂ ಕೇಳಿಸುವಂತೆ.

ಎಲ್ಲರ ಹಣವೂ ಅಲ್ಲೇ, ಆಗಲೇ ವಾಪಸ್ಸು ಬಂತು.

ಇಳಿಯುವಾಗ ಲಿಫ್ಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಬ್ಬರ ಬೆನ್ನು ಒಬ್ಬರು ತಟ್ಟುತ್ತಿದ್ದೆವು. ಕಂಟ್ರಾಕ್ಟರು ಅಂಗಿಯ ಮೇಲ್ಗುಂಡಿ ಬಿಚ್ಚಿದ. ಭಾವ ಹಿಡಿ ತಿರುಗಿಸುತ್ತಾ ನಕ್ಕರು, ಅವರು ದಿನಾ ನೋಡಿದ್ದ ಅದೇ ನಗು. ಆಗ ಔಷಧಿ ಅಂಗಡಿಯವಳು ಕೇಳಿದಳು:

"ನಾಳೆಯಿಂದ ನೀವು ಎಲ್ಲಿ ಸಿಗ್ತೀರಿ?"

ಅಷ್ಟು ವರ್ಷ ಆ ಲಿಫ್ಟಿನಲ್ಲಿ ಜನ ಭಾವನನ್ನು ಕೇಳಿದ್ದು ಒಂದೇ, ಯಾಕೆ ಇಷ್ಟು ತಡ ಅಂತ. ನಮ್ಮ ಭಾವನಿಗೆ ಮಾತೇ ಹೊರಡಲಿಲ್ಲ. ನೆಲಮಹಡಿ ಬಂದು, ಜಾಲರಿ ತೆರೆದು, ಎಲ್ಲರೂ ಇಳಿದು, ಯಾರೂ ಮುಂದೆ ಹೋಗದೆ ಅವರ ಉತ್ತರಕ್ಕೆ ಕಾಯುತ್ತಾ ನಿಂತರು. ಕೊನೆಗೆ ನಾನೇ ಅಕ್ಕನ ಮನೆಯ ವಿಳಾಸ ಹೇಳಿದೆ.

ಅದಕ್ಕಾಗಿ ಅಕ್ಕ ನನ್ನ ಮೇಲೆ ಇನ್ನೂ ಮುನಿಸಿಕೊಂಡಿದ್ದಾಳೆ. ಸಂಜೆ ನಾನು ಹೋದರೆ ಕೂರಲು ಕುರ್ಚಿ ಸಿಗುವುದಿಲ್ಲ, ಮಿಷನ್ನಿನ ಸದ್ದು ಯಾರಿಗೂ ಕೇಳಿಸುವುದಿಲ್ಲ.