ಇಂಗ್ಲಿಷ್ ಬ್ಯಾಂಡಿಗೆ ಗುಳೇದಗುಡ್ಡದ ಖಣ

ಆ ನಾಲ್ಕು ಜಾಕೀಟುಗಳಿಗೆ ನಾನು ಕೇಳಿದ್ದು ತಲಾ ಇಪ್ಪತ್ತೈದು ಡಾಲರ್, ಒಪ್ಪಿದ್ದು ಹದಿನೆಂಟಕ್ಕೆ. ಆದರೆ ನನಗೆ ಬಿದ್ದ ನಿಜವಾದ ಖರ್ಚೆಂದರೆ ನನ್ನ ಹೆಂಡತಿ ಸುಶೀಲಾ ಹುಬ್ಬಳ್ಳಿಯಿಂದ ಟ್ರಂಕಿನಲ್ಲಿ ರವಿಕೆಗೆಂದು ಜೋಪಾನವಾಗಿ ತಂದಿದ್ದ ಗುಳೇದಗುಡ್ಡದ ನಾಲ್ಕು ಖಣಗಳು, ಮತ್ತು ಆಮೇಲೆ ಒಂಬತ್ತು ದಿನ ಅವಳು ನನ್ನೊಡನೆ ಮಾತು ಬಿಟ್ಟದ್ದು. ಇಷ್ಟು ಕಳೆದುಕೊಂಡು ಆ ವ್ಯಾಪಾರ ಯಾಕೆ ಮಾಡಿದೆ ಎಂದರೆ, ಅಮೆರಿಕಕ್ಕೆ ಬಂದು ಏಳು ತಿಂಗಳಾಗಿದ್ದರೂ ಅಲ್ಲಿಯವರೆಗೆ ಒಬ್ಬನೇ ಒಬ್ಬ ಗಿರಾಕಿ ನನ್ನ ಜೊತೆ ಚೌಕಾಸಿ ಮಾಡಿರಲಿಲ್ಲ.

ಅದು ಎಂಥ ಒಂಟಿತನ ಎಂಬುದು ಅಂಗಡಿಯಲ್ಲಿ ಕೂತವರಿಗೆ ಮಾತ್ರ ಗೊತ್ತು. ಹುಬ್ಬಳ್ಳಿಯಲ್ಲಿ ಹೊಲಿಗೆಯ ದರ ಹೇಳಿದರೆ ಗಿರಾಕಿ, ‘ಏನ್ ಮಾಸ್ತರ, ಬಂಗಾರದ ದಾರಾ ಹಾಕ್ತೀರೇನು?’ ಎನ್ನುತ್ತ ಮೆಟ್ಟಿಲು ಇಳಿಯುತ್ತಾನೆ. ನಾನು ಕರೆಯುತ್ತೇನೆ. ಅವನು ಹತ್ತುತ್ತಾನೆ. ಅಷ್ಟರಲ್ಲಿ ಚಹಾ ಬರುತ್ತದೆ, ಅವನ ಮಗಳ ಮದುವೆಯ ಸುದ್ದಿಯೂ ಬರುತ್ತದೆ. ಜರ್ಸಿ ಸಿಟಿಯಲ್ಲಿ ದರ ಹೇಳಿದರೆ ಜನ ‘ಥ್ಯಾಂಕ್ಯೂ’ ಎಂದು ಹಣ ಕೊಡುತ್ತಾರೆ, ಇಲ್ಲವೇ ‘ಥ್ಯಾಂಕ್ಯೂ’ ಎಂದು ಹೊರಟೇ ಹೋಗುತ್ತಾರೆ. ಎರಡಕ್ಕೂ ಅದೇ ನಗು.

ನಾನಿಲ್ಲಿಗೆ ಬಂದದ್ದು ನರ್ಸಿನ ಗಂಡನಾಗಿ. ಕೆಲಸ ಸಿಕ್ಕಿದ್ದು ಸುಶೀಲಾಗೆ, ವೀಸಾ ಸಿಕ್ಕಿದ್ದು ಅವಳಿಗೆ. ನಾನು ಕತ್ತರಿ, ಟೇಪು ಹಿಡಿದು ಹಿಂದೆ ಬಂದೆ. ಒಂದು ಲಾಂಡ್ರಿಯ ಮೂಲೆಯಲ್ಲಿ ಆಲ್ಟರೇಷನ್ ಕೆಲಸ, ಅಂದರೆ ರೆಡಿಮೇಡ್ ಪ್ಯಾಂಟಿನ ಕಾಲು ಗಿಡ್ಡ ಮಾಡುವುದು. ಹುಬ್ಬಳ್ಳಿಯಲ್ಲಿ ಮನುಷ್ಯನನ್ನು ನೋಡಿ ಬಟ್ಟೆ ಕತ್ತರಿಸುತ್ತಿದ್ದವನು, ಇಲ್ಲಿ ಯಾರೋ ಕತ್ತರಿಸಿದ ಬಟ್ಟೆಯೊಳಗೆ ಮನುಷ್ಯನನ್ನು ತುರುಕುತ್ತಿದ್ದೆ.

ಅರವತ್ತರ ದಶಕ ಮುಗಿಯುತ್ತಿದ್ದ ಆ ಚಳಿಗಾಲದ ಒಂದು ಮಧ್ಯಾಹ್ನ ನಾಲ್ವರು ಹುಡುಗರು ಒಳಗೆ ಬಂದರು. ಭುಜದ ಮೇಲೆ ಕೂದಲು, ಕಾಲಿಗೆ ಹೆಂಗಸರ ಬೂಟಿನಂಥ ಬೂಟು. ಇಂಗ್ಲೆಂಡಿನವರು, ‘ಸ್ಲೇಟ್ ಹಾರ್ಬರ್’ ಎಂಬ ರಾಕ್ ಬ್ಯಾಂಡಂತೆ. ಮರುದಿನ ಸಂಜೆ ಹತ್ತಿರದ ಕಾಲೇಜಿನಲ್ಲಿ ಅಮೆರಿಕದ ಮೊದಲ ಕಾರ್ಯಕ್ರಮ, ವೇಷದ ಪೆಟ್ಟಿಗೆ ಮಾತ್ರ ವಿಮಾನದಲ್ಲಿ ಬೇರೆ ಯಾವುದೋ ಊರಿಗೆ ಹೋಗಿತ್ತು. ನಾನು ಸುಶೀಲಾಳ ಕುಬಸಕ್ಕೆಂದು ಖಣ ಹರಡಿಕೊಂಡಿದ್ದೆ. ಹಾಡುಗಾರ ಕೋಲಿನ್ ಅದನ್ನು ಎತ್ತಿ, ಉಲ್ಟಾ ಮಾಡಿ, ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದ. ಬಟ್ಟೆ ಬಲ್ಲವರ ಕೈ ಅದು. ಅವನ ತಾಯಿ ಗಿರಣಿ ಊರೊಂದರ ಸಂತೆಯಲ್ಲಿ ಬಟ್ಟೆ ಮಾರುವವಳೆಂದು ಆಮೇಲೆ ತಿಳಿಯಿತು.

‘ಇದರಲ್ಲಿ ನಾಲ್ಕು ಜಾಕೀಟು. ಎಷ್ಟು?’

‘ಒಂದಕ್ಕೆ ಇಪ್ಪತ್ತೈದು.’

‘ಇಪ್ಪತ್ತೈದಾ? ನಮ್ಮ ವ್ಯಾನ್ ಮಾರಿದರೂ ಅಷ್ಟು ಬರಲ್ಲ, ಮೇಟ್.’ ಮೇಟ್ ಎಂದರೆ ಅವರಲ್ಲಿ ನಮ್ಮ ‘ದೋಸ್ತ’ ಇದ್ದ ಹಾಗೆ.

‘ಹಾಗಾದರೆ ವ್ಯಾನನ್ನೇ ತೊಟ್ಟುಕೊಂಡು ಹಾಡಿ,’ ಎಂದೆ ನನ್ನ ಮುರುಕು ಇಂಗ್ಲಿಷಿನಲ್ಲಿ.

ಕೋಲಿನ್ ಬಾಗಿಲವರೆಗೆ ನಡೆದ. ನಾನು ಕರೆಯಲಿಲ್ಲ. ಅವನು ಹಿಡಿಕೆಯ ಮೇಲೆ ಕೈಯಿಟ್ಟು ನಿಂತ, ತಿರುಗಿದ. ‘ಹದಿನೈದು!’ ನನಗೆ ಅವನನ್ನು ತಬ್ಬಿಕೊಳ್ಳಬೇಕೆನಿಸಿತು.

ರಾತ್ರಿ ಮನೆಯಲ್ಲಿ ಬೇರೆಯೇ ಚೌಕಾಸಿ ನಡೆಯಿತು. ‘ಏನ್ರೀ, ನನ್ನ ಕುಬಸದ ಖಣಾ ಆ ಕೂದಲಾ ಬಿಟ್ಟವರ ಮೈಮ್ಯಾಲೆ ಹಾಕ್ತೀರಿ?’

‘ಹೊಸಾವ ತರಿಸ್ಕೊಡ್ತೀನಿ ಬಿಡ.’

‘ಎಲ್ಲಿಂದ? ಗುಳೇದಗುಡ್ಡ ಏನು ಇಲ್ಲೇ ಹೊಳಿ ದಾಟಿದ್ರ ಸಿಗ್ತೈತೇನು?’

ಎದೆಗೆ ಖಣ, ಬೆನ್ನಿಗೆ ಕರಿ ಸ್ಯಾಟಿನ್. ಹೊಲಿದು ಕೊಟ್ಟೆ. ಅದನ್ನೇ ತೊಟ್ಟು ಅವರು ಮೊದಲ ರೆಕಾರ್ಡಿನ ಮುಖಪುಟಕ್ಕೆ ನಿಂತರು. ರೆಕಾರ್ಡು ಓಡಿತು.

ಆ ಬ್ಯಾಂಡಿನ ಏಳುಬೀಳನ್ನು ಪತ್ರಿಕೆಗಳು ಹಾಡುಗಳ ಲೆಕ್ಕದಲ್ಲಿ ಬರೆಯುತ್ತವೆ. ನನ್ನ ಅಳತೆ ಪುಸ್ತಕದಲ್ಲಿ ಅದು ಇಂಚುಗಳಲ್ಲಿದೆ, ಅದೂ ಕನ್ನಡದಲ್ಲಿ. ಮೊದಲ ಸಲ ಬಂದಾಗ ನಾಲ್ವರ ಸೊಂಟ ಇಪ್ಪತ್ತೆಂಟರ ಆಸುಪಾಸು, ಹಸಿದ ಹುಡುಗರು. ಎರಡು ವರ್ಷದ ಮೇಲೆ ವ್ಯಾನ್ ಹೋಗಿ ಬಸ್ಸು ಬಂತು, ಕಾಲೇಜು ಹೋಗಿ ನದಿಯಾಚೆ ಮ್ಯಾನ್‌ಹಟನ್ನಿನ ಥಿಯೇಟರು ಬಂತು, ಸೊಂಟ ಮೂವತ್ತು. ಹೊಲಿದವನು ಯಾರೆಂದು ಕೇಳಿಕೊಂಡು ಬಂದ ಬೇರೆ ಹಾಡುಗಾರರ ಮುಂಗಡದಿಂದಲೇ ನಾನು ಸ್ವಂತ ಅಂಗಡಿ ಹಾಕಿದೆ. ಆಮೇಲೆ ಕ್ರೀಡಾಂಗಣಗಳು, ಮನೆಯಷ್ಟು ಉದ್ದದ ಕಾರು. ಆಮೇಲೆ ಯಾರೋ ಹೇಳಿದರೆಂದು ಖಣ ಬಿಟ್ಟು ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಉಡುಪು ತೊಟ್ಟರು, ಊಟ ಮುಗಿಯುವಷ್ಟು ಉದ್ದದ ಹಾಡು ಮಾಡಿದರು. ಕೇಳುವವರು ಕಡಿಮೆಯಾದರು. ಡ್ರಮ್ ಬಾರಿಸುವ ಡೆರೆಕ್, ಕೋಲಿನ್ ಜೊತೆ ಜಗಳವಾಡಿ ಊರಿಗೆ ಹೋದ. ಬ್ಯಾಂಡು ಮುರಿಯಿತು. ಮೂರು ವರ್ಷ ನನ್ನ ಪುಸ್ತಕದ ಆ ಹಾಳೆಗಳು ಖಾಲಿ.

ಹೋದ ವರ್ಷ ಮತ್ತೆ ಒಂದಾದರು. ನ್ಯೂಯಾರ್ಕಿನಲ್ಲಿ ಕಾರ್ಯಕ್ರಮ, ಹಳೆಯ ಖಣದ ಜಾಕೀಟು ತೊಟ್ಟೇ ಬರುತ್ತಾರೆಂದು ಊರೆಲ್ಲ ಭಿತ್ತಿಪತ್ರ. ಎರಡು ದಿನ ಮುಂಚೆ ಡೆರೆಕ್ ಒಬ್ಬನೇ ಅಂಗಡಿಗೆ ಬಂದ. ಜಾಕೀಟು ತೊಟ್ಟು ತೋರಿಸಿದ; ಗುಂಡಿಗೂ ಕಾಜಾಕ್ಕೂ ನಡುವೆ ಮೂರು ಇಂಚಿನ ವೈರ.

‘ಇದು ಆಗದಿದ್ದರೆ ನಾನು ಬಾರಿಸಲ್ಲ. ಮೂವರು ಹಳೆಯ ಹುಡುಗರ ಹಿಂದೆ ಕರಿ ಅಂಗಿಯ ಡುಮ್ಮಣ್ಣನಾಗಿ ಕೂರಲಾರೆ. ಮ್ಯಾನೇಜರ್ ಬೇರೊಬ್ಬ ಡ್ರಮ್ಮರನ್ನು ಆಗಲೇ ಹೋಟೆಲಿನಲ್ಲಿ ತಂದಿಟ್ಟಿದ್ದಾನೆ,’ ಎಂದ. ಮ್ಯಾನ್‌ಹಟನ್ನಿನ ಇಬ್ಬರು ದರ್ಜಿಗಳು ಆಗದೆಂದು ಕೈಯೆತ್ತಿದ್ದರಂತೆ. ಗುಳೇದಗುಡ್ಡದಿಂದ ಪಾರ್ಸೆಲ್ ಬರಲು ಎರಡು ತಿಂಗಳು ಬೇಕು.

ನಾನು ಅವನನ್ನು ಕೂರಿಸಿ ಬ್ಲೇಡಿನಿಂದ ಪಕ್ಕದ ಹೊಲಿಗೆ ಬಿಚ್ಚಿದೆ. ಇಲ್ಲಿಯ ಕೋಟು ಬಿಚ್ಚಿದರೆ ಒಳಗೆ ಕಾಲು ಇಂಚು ಬಟ್ಟೆ ಸಿಕ್ಕರೆ ಪುಣ್ಯ. ನಾವು ಹಾಗೆ ಹೊಲಿಯುತ್ತೇವೆಯೇ? ಮದುವೆಗೆ ಹೊಲಿದ ಕೋಟು ಮಗನ ಮದುವೆಗೂ ಆಗಬೇಕೆಂದು ಒಳಗೆ ಮಡಿಸಿ ಬಿಡುತ್ತೇವೆ. ಕೈ ಅಭ್ಯಾಸ, ಇಂಗ್ಲಿಷ್ ಹುಡುಗರಿಗೂ ಬಿಟ್ಟಿದ್ದೆ. ಎರಡೂ ಕಡೆ ಒಂದೂವರೆ ಇಂಚು ಹೊರಬಂತು. ಬೆನ್ನಿಗೆ ಹೊಸ ಸ್ಯಾಟಿನ್ ಹಾಕಿದರೆ ಮುಗಿಯಿತು.

ಒಂದೇ ತೊಡಕು. ಇಷ್ಟು ವರ್ಷದ ದೀಪ, ಬೆವರಿಗೆ ಮೇಲಿನ ಬಟ್ಟೆ ಮಾಸಿತ್ತು. ಮಡಿಕೆಯೊಳಗಿನದು ಮಗ್ಗದಿಂದ ಇಳಿದಂತೆಯೇ ಕೆಂಪಗಿತ್ತು. ಎರಡು ಪಕ್ಕೆಗೂ ಕಣ್ಣಿಗೆ ಹೊಡೆಯುವ ಪಟ್ಟಿ. ಡೆರೆಕ್ ಕನ್ನಡಿಯ ಮುಂದೆ ಆ ಕಡೆ ಈ ಕಡೆ ತಿರುಗಿ ನೋಡಿಕೊಂಡ.

‘ನನ್ನ ಹೊಟ್ಟೆಗೆ ಬಾರ್ಡರ್ ಹಾಕಿದ್ದೀಯಲ್ಲ, ಮೇಟ್!’ ಎಂದು ಬಿದ್ದು ಬಿದ್ದು ನಕ್ಕ. ಅಂಗಡಿಯ ಟೇಬಲ್ಲನ್ನೇ ಡ್ರಮ್ಮು ಮಾಡಿ ಬಾರಿಸಿದ. ಸುಶೀಲಾ ಚಹಾ ತಂದವಳು, ‘ಟೇಬಲ್ ಮುರದ್ರ ಅದರ ರೊಕ್ಕಾನೂ ಬರಕೋರಿ,’ ಎಂದಳು.

ಮರುದಿನ ಉಳಿದ ಮೂವರೂ ಹಾಜರು. ಅವರ ಜಾಕೀಟು ಸರಿಯಾಗಿಯೇ ಆಗುತ್ತಿತ್ತು, ಆದರೂ ಆ ಕೆಂಪು ಪಟ್ಟಿ ತಮಗೂ ಬೇಕಂತೆ. ‘ಡೆರೆಕ್ ಒಬ್ಬನೇ ಚೆಂದ ಕಾಣಬೇಕೇ?’ ಎಂದ ಕೋಲಿನ್. ಬೇಡದ ಕೆಲಸಕ್ಕೆ ಎರಡರಷ್ಟು ದರ ಹೇಳಿದೆ. ಅವನು ಬಾಗಿಲವರೆಗೆ ನಡೆದ. ಈ ಸಲ ನಾನು ಕರೆದೆ. ಕಾರ್ಯಕ್ರಮದಲ್ಲಿ ಡೆರೆಕ್ ಎರಡು ಗಂಟೆ ಬಾರಿಸಿದ. ಸಂಗೀತ ನನಗೆ ಇಂದಿಗೂ ತಲೆನೋವು, ನಾನು ಹೊಲಿಗೆ ನೋಡುತ್ತಿದ್ದೆ. ಒಂದು ಎಳೆಯೂ ಬಿಚ್ಚಲಿಲ್ಲ.

ಹೊರಡುವ ದಿನ ಡೆರೆಕ್ ಬಂದು ಕೈ ಕುಲುಕಿದ. ‘ನಾನಂತೂ ವಾಪಸ್ ಬಂದೆ. ನೀನು ನಿನ್ನೂರಿಗೆ ಯಾವಾಗ?’

‘ಮುಂದಿನ ವರ್ಷ.’

ಒಳಗಿನಿಂದ ಸುಶೀಲಾ ಕನ್ನಡದಲ್ಲಿ ಹೇಳಿದಳು: ‘ಹೋದ ವರ್ಷಾನೂ ಇದನ್ನ ಹೇಳಿದ್ರಿ.’

ಇಲ್ಲಿಗೆ ಬರಬೇಕೆಂದಿರುವವರು ಕೇಳಿ. ಕೈಯಲ್ಲಿ ಕಸುಬಿದ್ದರೆ ಧೈರ್ಯವಾಗಿ ಬನ್ನಿ. ಟ್ರಂಕಿನಲ್ಲಿ ಉಪ್ಪಿನಕಾಯಿ ಕಡಿಮೆ ಮಾಡಿ, ಖಣ ಜಾಸ್ತಿ ತನ್ನಿ. ಹೆಂಡತಿಯದನ್ನು ಮುಟ್ಟುವ ಮೊದಲು ಕೇಳಿ. ಗಿರಾಕಿ ಚೌಕಾಸಿ ಮಾಡದಿದ್ದರೆ ಅವಮಾನ ಎಂದುಕೊಳ್ಳಬೇಡಿ, ಅದು ಇಲ್ಲಿಯ ಮರ್ಯಾದೆ. ಅಂಗಡಿ ಹಿಡಿಯುವಾಗ ಮಾತ್ರ ಲೀಸ್, ಎಂದರೆ ಬಾಡಿಗೆ ಕರಾರು, ಐದು ವರ್ಷಕ್ಕೇ ಬರೆಸಿ. ಮಾಲೀಕ ಬಾಡಿಗೆಯಲ್ಲಿ ತಿಂಗಳಿಗೆ ಹದಿನೈದು ಡಾಲರ್ ಬಿಡುತ್ತಾನೆ. ನನ್ನನ್ನು ನೋಡಿ ಕಲಿಯಬೇಡಿ. ನಾನು ಪ್ರತಿ ಡಿಸೆಂಬರಿನಲ್ಲೂ ಒಂದೇ ವರ್ಷಕ್ಕೆ ಸಹಿ ಹಾಕುತ್ತೇನೆ. ಇದು ಏಳನೆಯ ಸಲ. ಅಮೆರಿಕದಲ್ಲಿ ನಾನು ಚಕಾರವೆತ್ತದೆ ಪೂರ್ತಿ ಕೊಡುವ ಹಣ ಆ ಹದಿನೈದು ಡಾಲರ್ ಒಂದೇ.