ಅವ್ವನಿಗೆ ಕಣಕ್ಕೆ ಹೋಗೆಂದ ದಿನ

ನಮ್ಮ ತೋಟದಲ್ಲಿ ಯಾರಿಗೆ ವಯಸ್ಸಾಯಿತು ಎಂದು ತೀರ್ಮಾನಿಸುತ್ತಿದ್ದವನು ಮೇಸ್ತ್ರಿ. ಬೆಳಗಿನ ಹಾಜರಿಗೆ ಆಳುಗಳು ಸಾಲಾಗಿ ನಿಂತಾಗ ಬೆತ್ತದ ತುದಿಯಿಂದ ಒಬ್ಬರ ಹೆಗಲಿಗೆ ತಿವಿದು "ಕಣಕ್ಕೆ" ಅಂದರೆ ಮುಗಿಯಿತು. ಅಂದಿನಿಂದ ಅವರು ಹಣ್ಣು ಕೊಯ್ಯುವಂತಿಲ್ಲ. ಕಾಫಿ ಒಣಗಿಸುವ ಕಣದಲ್ಲಿ ಕುಳಿತು ಕೆಟ್ಟ ಬೀಜ ಆರಿಸಬೇಕು. ಅರ್ಧ ಆಳು, ಅರ್ಧ ಕೂಲಿ.

ಮಾದಾಪುರದ ಕಡೆಯ ಆ ತೋಟ ಇಂಗ್ಲಿಷ್ ದೊರೆಯೊಬ್ಬನದು. ಅವ್ವ ಮತ್ತು ನಾನು, ಇಬ್ಬರೂ ಗಂಡನನ್ನು ಕಳೆದುಕೊಂಡವರು, ನನ್ನ ಎಳೆಗೂಸನ್ನು ಕಟ್ಟಿಕೊಂಡು ಕೂಲಿಯಾಳುಗಳ ಲೈನ್ ಮನೆಯಲ್ಲಿದ್ದೆವು. ಒಂದು ಬೆಳಿಗ್ಗೆ ಬೆತ್ತ ಅವ್ವನ ಹೆಗಲಿಗೆ ಬಂತು.

"ಇನ್ಮೇಲೆ ನೀನು ಮುದುಕೀರ ಜೊತೆ ಕೂತ್ಕೊ" ಅಂದ ಮೇಸ್ತ್ರಿ.

ಅವ್ವ ಸೊಂಟಕ್ಕೆ ಗೋಣಿತಾಟು ಕಟ್ಟಿಕೊಂಡು, ಕೊಂಬೆ ಬಗ್ಗಿಸುವ ಕೊಕ್ಕೆ ಹಿಡಿದು ಎಂದಿನಂತೆ ಗಿಡಗಳ ನಡುವೆ ನುಗ್ಗಿದಳು. ನಾನು ಪಕ್ಕದ ಸಾಲಿನಲ್ಲಿದ್ದೆ. ಮೇಸ್ತ್ರಿ ಹಿಂದೆಯೇ ಬಂದ. ಬೆನ್ನಿಗೆ ಬೆತ್ತದ ಏಟು ಬಿದ್ದ ಸದ್ದು ಮೊದಲು ಕೇಳಿಸಿತು. ತಿರುಗಿದರೆ, ಅವಳ ತುರುಬು ಅವನ ಮುಷ್ಟಿಯಲ್ಲಿತ್ತು. ಕರುವನ್ನು ಎಳೆಯುವಂತೆ ದರದರ ಎಳೆಯುತ್ತಿದ್ದ.

ಅವ್ವ ಕೊಕ್ಕೆಯನ್ನು ಅವನ ಕಾಲಿಗೆ ಹಾಕಿ ಜಗ್ಗಿದಳು. ಅವನು ಅಂಗಾತ ಬಿದ್ದ. ಅವನು ಏಳುವ ಮೊದಲೇ ಅವಳು ಹೊಡೆಯತೊಡಗಿದಳು. ಮುಖ, ಕುತ್ತಿಗೆ, ಮುಖಕ್ಕೆ ಅಡ್ಡ ಹಿಡಿದ ಕೈ, ಏನು ಸಿಕ್ಕರೆ ಅದಕ್ಕೆ. ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು. ನಾನೂ ಸುಮ್ಮನಿರಲಿಲ್ಲ, ಅವನ ಕಾಲ ಮೇಲೆ ಕುಳಿತುಬಿಟ್ಟೆ. ಉಳಿದ ಹೆಂಗಸರು ಒಬ್ಬರೂ ಬಿಡಿಸಲು ಬರಲಿಲ್ಲ. ಅವನ ಬೆತ್ತ ಬೀಳದ ಬೆನ್ನು ಅಲ್ಲಿ ಯಾವುದೂ ಇರಲಿಲ್ಲ.

ಗದ್ದಲಕ್ಕೆ ದೊರೆ ಕುದುರೆಯ ಮೇಲೆ ಬಂದ. ಜೊತೆಗೆ ತೋಟದ ಲೆಕ್ಕ ಬರೆಯುವ ರೈಟರು ಓಡಿಬಂದರು. ಆಳುಗಳಿಬ್ಬರು ಅವ್ವನ ರೆಟ್ಟೆ ಹಿಡಿದು ನಿಲ್ಲಿಸಿದರು. ದೊರೆಯ ಮಾತು ಕೇಳಿ ರೈಟರು, "ನಿನ್ನ ವಯಸ್ಸೆಷ್ಟು?" ಅಂದರು.

"ನಂಗೇನ್ ಗೊತ್ತು? ಹೆತ್ತೋಳ್ನ ಕೇಳ್ಬೇಕು, ಅವ್ಳು ಸತ್ತೋಗವ್ಳೆ."

ರೈಟರು ಇಂಗ್ಲಿಷಿನಲ್ಲಿ ಏನೋ ಹೇಳಿದರು. ಅರುವತ್ತು ಎಂದು ಹೇಳಿದ್ದಾಗಿ ಆಮೇಲೆ ತಿಳಿಯಿತು. ನಾನು ಅವಳ ಚೊಚ್ಚಲು ಮಗಳು, ನನಗೇ ಆಗಿನ್ನೂ ಎದೆಹಾಲಿನ ಕೂಸು. ಅವ್ವನಿಗೆ ನಲವತ್ತು ದಾಟಿದ್ದರೆ ಹೆಚ್ಚು.

ದೊರೆ ಇಳಿದು ಬಂದು, ಕುದುರೆಯ ಹಲ್ಲು ನೋಡುವ ಹಾಗೆ ಅವಳ ದವಡೆ ಹಿಡಿದು ಬಾಯಿ ತೆರೆಸಿದ. ಮುಂದಿನ ಹಲ್ಲುಗಳಿರಲಿಲ್ಲ. ಅವು ಉದುರಿದ್ದು ನನ್ನಪ್ಪನ ಗುದ್ದಿಗೆ, ವಯಸ್ಸಿಗಲ್ಲ. ದೊರೆ ನಕ್ಕು, ಇನ್ನೂ ಒಳಗೆ ನೋಡಲು ಬೆರಳು ತೂರಿಸಿದ. ಅವ್ವ ಉಳಿದ ಹಲ್ಲುಗಳಿಂದ ಕಚ್ಚಿದಳು. ದೊರೆಯ ಚಾವಟಿ ಕೆನ್ನೆಗೆ ಬಿದ್ದಿತು, ಕುತ್ತಿಗೆಗೆ ಬಿದ್ದಿತು, ಅವಳು ಬಿಡಲಿಲ್ಲ. ಕೊನೆಗೆ ಮೇಸ್ತ್ರಿ ಎದ್ದು ಬಂದು ಅವಳದೇ ಕೊಕ್ಕೆಯಿಂದ ಬಲ ಮುಂಗೈಗೆ ಬಲವಾಗಿ ಬಾರಿಸಿದ. ಮೂಳೆ ಲಟಕ್ಕೆಂದಿತು. ಆಗ ಬೆರಳನ್ನು ಬಿಟ್ಟಳು.

ಮಧ್ಯಾಹ್ನದೊಳಗೆ ನಮ್ಮ ಮಡಕೆಗಳು ಲೈನಿನ ಮುಂದೆ ಒಡೆದು ಬಿದ್ದಿದ್ದವು. ಕೂಸನ್ನು ಕಂಕುಳಿಗೆ ಹಾಕಿಕೊಂಡು, ಅವ್ವನ ಕೈಯನ್ನು ಸೀರೆಯ ತುಂಡಿನಿಂದ ಎದೆಗೆ ಕಟ್ಟಿ ಹೊರಟೆ. ಅಲ್ಲಿ ಇಲ್ಲಿ ಬೇಡಿ ತಿಂದು, ಕೊನೆಗೆ ಗಾಳಿಬೀಡಿನಲ್ಲಿ ಬೇಸಾಯಗಾರರೊಬ್ಬರ ಮನೆಯಲ್ಲಿ ನೆಲೆ ಸಿಕ್ಕಿತು. ನಾಟಿ ವೈದ್ಯರು ಬಿದಿರಿನ ದಬ್ಬೆ ಕಟ್ಟಿದರು. ಮೂಳೆ ಕೂಡಿತು, ಆದರೆ ಸೊಟ್ಟಗೆ.

ಆ ಮನೆಯೊಡತಿ ಒಳ್ಳೆಯವರು. ಅವ್ವನ ಕೈ ನೋಡಿ ಪೊರಕೆ ಕೊಟ್ಟರು. "ನೀವು ವಯಸ್ಸಾದೋರು, ಗದ್ದೆಗೆ ಇಳೀಬೇಡಿ. ಅಂಗಳ ಗುಡಿಸಿದ್ರೆ ಸಾಕು ಅಜ್ಜಿ."

ಅವ್ವ ಅದೇ ಪೊರಕೆಯಿಂದ ಎಲ್ಲಿ ಬಾರಿಸಿಬಿಡುತ್ತಾಳೋ ಎಂದು ನಾನು ಅವರಿಬ್ಬರ ನಡುವೆ ಹೋಗಿ ನಿಂತೆ. ಅವಳು ಎಡಗೈಯಲ್ಲಿ ಪೊರಕೆ ತೆಗೆದುಕೊಂಡು ಗುಡಿಸಿದಳು. ಸಂಜೆ ನಾನು ಗದ್ದೆಯಿಂದ ಬಂದಾಗ ಕೇಳಿದಳು, "ನಂಗೆ ವಯಸ್ಸಾಗೈತೇನೇ?"

"ಇಲ್ಲ ಕಣವ್ವ."

"ಆಗೈತೆ ಬಿಡು. ಒಂದೇ ದಿನ್ದಾಗೆ ಆಗೋಯ್ತು."

ಅವಳು ಇನ್ನೂ ಬಹಳ ವರ್ಷ ಬದುಕಿದಳು. ದೊರೆಗಳು ಊರು ಬಿಟ್ಟು ಹೋದ ಮೇಲೂ ಇದ್ದಳು, ನನ್ನ ಮಗನ ಮದುವೆ ನೋಡಿದಳು. ಆ ಸೊಟ್ಟ ಕೈಯಲ್ಲಿ ಆಗದೆಂದು ಎಲೆ ಅಡಿಕೆ ಮಾತ್ರ ನಾನೇ ಕುಟ್ಟಿ ಕೊಡಬೇಕಾಗಿತ್ತು.